ಅವನ ಲೈನಿಗೆ ಕಾಲಿಡೆನು

ಕಾಶಿನಾಥ ತೀರಿಕೊಂಡ ಸುದ್ದಿ ಕಾಂದಿವಲಿಗೆ ಬಂದದ್ದು ಭಾನುವಾರ ಬೆಳಿಗ್ಗೆ ಏಳು ಗಂಟೆಗೆ. ಭೀಮರಾಯ ಆಗತಾನೇ ವಿಠ್ಠಲನ ಪಟಕ್ಕೆ ಊದುಬತ್ತಿ ಹಚ್ಚಿ ಚಹಾಕ್ಕೆ ಕೈ ನೀಡಿದ್ದ. ಬೈಕುಲ್ಲಾದಿಂದ ಕಾಶಿನಾಥನ ಮಗ ಈಶ್ವರ ಫೋನು ಮಾಡಿದ. ಅಪ್ಪ ನಸುಕಿನಲ್ಲಿ ಹೋದರು, ಮಧ್ಯಾಹ್ನ ಒಂದಕ್ಕೆ ಎತ್ತುತ್ತೇವೆ ಎಂದಷ್ಟೇ ಹೇಳಿ ಅಳತೊಡಗಿದ. ಭೀಮರಾಯ ಚಹಾವನ್ನು ಹಾಗೆಯೇ ಕೆಳಗಿಟ್ಟ. ಗೆಳೆಯನಿಗೆ ಬೆಂಕಿ ತಾಗುವವರೆಗೆ ಬಾಯಿಗೆ ನೀರನ್ನೂ ಹಾಕುವುದಿಲ್ಲವೆಂದು ಸೊಸೆ ಶೈಲಾಳಿಗೆ ಹೇಳಿದ.

ಇಬ್ಬರೂ ಇಂಡಿ ತಾಲೂಕಿನ ಒಂದೇ ಊರಿನವರು. ನಲವತ್ತು ವರ್ಷದ ಹಿಂದೆ ಒಂದೇ ದಿನ ಮುಂಬಯಿಗೆ ಬಂದು, ಧಾರಾವಿಯ ಒಂದೇ ಖೋಲಿಯಲ್ಲಿ ಇದ್ದು, ಒಂದೇ ಕಟ್ಟಡಕ್ಕೆ ಇಟ್ಟಿಗೆ ಹೊತ್ತವರು. ಆಮೇಲೆ ಕಾಶಿನಾಥ ಬೈಕುಲ್ಲಾದ ತರಕಾರಿ ಮಾರ್ಕೆಟ್ಟಿನಲ್ಲಿ ಹಮಾಲನಾದ. ಭೀಮರಾಯ ಕಾಂದಿವಲಿಯ ಒಂದು ಕಾರ್ಖಾನೆಯಲ್ಲಿ ವಾಚ್‌ಮನ್ ಆದ. ಯಾರು ಮೊದಲು ಹೋದರೂ ಉಳಿದವನು ಹೆಗಲು ಕೊಡಬೇಕು ಎಂಬುದು ಧಾರಾವಿಯ ದಿನಗಳಲ್ಲೇ ಅವರು ಆಡಿಕೊಂಡ ಮಾತು.

ಇವರು ಆಡಿದ್ದ ಇನ್ನೊಂದು ಮಾತೂ ಇತ್ತು. ತೊಂದರೆಯೆಲ್ಲ ಅದರಿಂದಲೇ.

ಕಾಂದಿವಲಿ ಇರುವುದು ವೆಸ್ಟರ್ನ್ ಲೈನಿನಲ್ಲಿ, ಬೈಕುಲ್ಲಾ ಸೆಂಟ್ರಲ್ ಲೈನಿನಲ್ಲಿ. ಒಂದರಿಂದ ಇನ್ನೊಂದಕ್ಕೆ ಹೋಗುವವರು ದಾದರಿನಲ್ಲಿ ಇಳಿದು, ಸೇತುವೆ ದಾಟಿ, ರೈಲು ಬದಲಿಸುತ್ತಾರೆ. ಆರು ವರ್ಷದ ಹಿಂದೆ ಕಾಶಿನಾಥನ ಮಗಳು ದಾನೇಶ್ವರಿಯ ಮದುವೆ. ಸೋದರಮಾವ ಬಾಸಿಂಗ ತರುವುದು ಅವರ ಕಡೆಯ ಪದ್ಧತಿ. ಕಾಶಿನಾಥನ ಹೆಂಡತಿ ಕಸ್ತೂರಿಬಾಯಿಗೆ ಒಡಹುಟ್ಟಿದ ಗಂಡುಮಕ್ಕಳಿಲ್ಲದ ಕಾರಣ ಭೀಮರಾಯನೇ ಅಣ್ಣನ ಸ್ಥಾನದಲ್ಲಿ ನಿಂತಿದ್ದ. ಬಾಸಿಂಗ ಹಿಡಿದು ಹೊರಟವನು ದಾದರಿನಲ್ಲಿ ಉಲ್ಟಾ ದಿಕ್ಕಿನ ರೈಲು ಹತ್ತಿ ಠಾಣೆಗೆ ಹೋಗಿಬಿಟ್ಟ. ತಿರುಗಿ ಬರುವಷ್ಟರಲ್ಲಿ ಅಕ್ಷತೆ ಬಿದ್ದಿತ್ತು, ಬಾಸಿಂಗ ಜನರ ನೂಕಿನಲ್ಲಿ ಹಪ್ಪಳವಾಗಿತ್ತು.

ನಾಲ್ಕು ನೂರು ಜನರೆದುರು ಕಾಶಿನಾಥ ಹೇಳಿದ: “ಎಮ್ಮಿ ಸೈತ ಹೊಳ್ಳಿ ಕೊಟ್ಟಿಗಿಗೆ ಬರತೈತಿ. ನಿನಗ ಅಷ್ಟೂ ದಾರಿ ತಿಳಿಯಂಗಿಲ್ಲ.”

“ಇನ್ನ ಮ್ಯಾಲೆ ನಿನ್ನ ಲೈನಿಗೆ ಕಾಲಿಟ್ರ ನಾ ನಮ್ಮಪ್ಪಗ ಹುಟ್ಟಿದಂವ ಅಲ್ಲ,” ಎಂದ ಭೀಮರಾಯ.

“ಹಂಗಾರ ನಾನೂ ನಿನ್ನ ಲೈನಿಗೆ ಕಾಲಿಡಾಂಗಿಲ್ಲ, ಹೋಗು.”

ಇಷ್ಟಾದರೂ ಗೆಳೆತನ ಕಡಿಯಲಿಲ್ಲ. ಪ್ರತಿ ಏಕಾದಶಿಗೆ ಇಬ್ಬರೂ ದಾದರ್ ಸೇತುವೆಯ ನಟ್ಟನಡುವೆ ಭೇಟಿಯಾಗುತ್ತಿದ್ದರು. ಒಬ್ಬ ಪಶ್ಚಿಮದ ಮೆಟ್ಟಿಲಿನಿಂದ ಬಂದರೆ ಇನ್ನೊಬ್ಬ ಪೂರ್ವದಿಂದ. ಉಪವಾಸದ ಶೇಂಗಾ ಹಂಚಿಕೊಂಡು ಒಂದು ತಾಸು ನಿಂತು ಮಾತಾಡುತ್ತಿದ್ದರು. ಓಡಾಡುವ ಜನ ಡಿಕ್ಕಿ ಹೊಡೆದು ಇಬ್ಬರನ್ನೂ ಬೈಯುತ್ತಿದ್ದರು. ಒಬ್ಬನೂ ಒಂದು ಹೆಜ್ಜೆ ಆಚೆ ಇಟ್ಟವನಲ್ಲ.

ಸಾವಿಗಿಂತ ಆ ಜಗಳ ದೊಡ್ಡದಲ್ಲ, ಸುಮ್ಮನೆ ದಾದರಿನ ಮೇಲೆ ಹೋಗಿರಿ ಎಂದು ಶೈಲಾ ಬೇಡಿಕೊಂಡಳು. ಭೀಮರಾಯ ತುಳಸಿಮಾಲೆಯನ್ನು ಕೈಚೀಲಕ್ಕೆ ಹಾಕುತ್ತ ಹೇಳಿದ: “ಶೈಲವ್ವ, ಅಂವ ಇದ್ದಿದ್ರ ಮಾತು ಬಿಡಿಸ್ಕೋತಿದ್ದೆ. ಈಗ ಯಾರನ್ನ ಕೇಳ್ಲಿ?”

ಉತ್ತರ ಹೊಳೆದದ್ದು ಎದುರು ಮನೆಯ ಅನಿಲಕುಮಾರನಿಗೆ. ಆತ ಉಡುಪಿ ಕಡೆಯವನು, ಹೋಟೆಲಿನ ಮ್ಯಾನೇಜರಿಕೆಯಿಂದ ನಿವೃತ್ತನಾದ ಮೇಲೆ ಇಡೀ ಬಿಲ್ಡಿಂಗಿಗೆ ಮ್ಯಾನೇಜರನಾಗಿದ್ದ. ಬಾಗಿಲು ತೆರೆದಿದ್ದರೆ ಒಳಗಿನ ಮಾತೆಲ್ಲ ತನಗೇ ಹೇಳಿದ್ದೆಂದು ತಿಳಿಯುವ ಸ್ವಭಾವ.

“ಕ್ಯಾಬ್ ಮಾಡಿ ಹೋಗಿ ಮಾರಾಯ್ರೆ. ಆ ಲೈನೂ ಬೇಡ, ಈ ಲೈನೂ ಬೇಡ. ನನ್ನ ಮೊಬೈಲಿನಲ್ಲೇ ಬುಕ್ ಮಾಡ್ತೇನೆ,” ಎಂದ.

“ಜೀವಮಾನ ಎಲ್ಲಾ ಇಬ್ರೂ ರೈಲಿನ್ಯಾಗ ಜೋತಾಡೀವಿ. ಅವನ ಮಣ್ಣಿಗೆ ಸಾಹೇಬನಂಗ ಕಾರಿನ್ಯಾಗ ಹೋಗ್ಲೇನು?”

ಭೀಮರಾಯನ ಲೆಕ್ಕ ಬೇರೆಯಿತ್ತು. ವೆಸ್ಟರ್ನ್ ಲೈನಿನ ಸ್ಲೋ ಗಾಡಿ ಹಿಡಿದು ಮಹಾಲಕ್ಷ್ಮಿಯಲ್ಲಿ ಇಳಿದರೆ, ಅಲ್ಲಿಂದ ಬೈಕುಲ್ಲಾಕ್ಕೆ ಅರ್ಧ ತಾಸಿನ ನಡಿಗೆ. ಹೆಗಲೂ ಸಿಕ್ಕೀತು, ಮಾತೂ ಉಳಿದೀತು.

ಹತ್ತೂಕಾಲಿಗೆ ಸ್ಲೋ ಗಾಡಿಯೇ ಸಿಕ್ಕಿತು. ಆದರೆ ಆ ದಿನ ಭಾನುವಾರದ ಬ್ಲಾಕ್. ಹಳಿಯ ಕೆಲಸ ನಡೆಯುವಾಗ ಸ್ಲೋ ಗಾಡಿಗಳನ್ನು ಫಾಸ್ಟ್ ಹಳಿಯ ಮೇಲೆ ಓಡಿಸುತ್ತಾರೆ, ಮಹಾಲಕ್ಷ್ಮಿಯಂಥ ಸಣ್ಣ ಸ್ಟೇಷನ್ನುಗಳಲ್ಲಿ ನಿಲ್ಲಿಸುವುದಿಲ್ಲ. ಇದು ಮುಂಬಯಿಯ ಕೂಸಿಗೂ ಗೊತ್ತು. ದುಃಖದಲ್ಲಿದ್ದ ಭೀಮರಾಯನಿಗೆ ನೆನಪಾಗಲಿಲ್ಲ. ಅಂಧೇರಿ ದಾಟಿದ ಮೇಲೆ ಪಕ್ಕದವನು ಹೇಳಿದಾಗ ಅವನು ಬಾಗಿಲ ಬಳಿ, ನಾಲ್ಕು ಮೊಣಕೈಗಳ ನಡುವೆ, ಗೂಟಕ್ಕೆ ಕಟ್ಟಿದ ಕರುವಿನಂತೆ ನಿಂತಿದ್ದ.

ಬೈಕುಲ್ಲಾಕ್ಕೆ ಹೋಗಬೇಕಾದವನು ಯಾಕೆ ಮಹಾಲಕ್ಷ್ಮಿ ಕೇಳುತ್ತಾನೆ ಎಂಬ ಚರ್ಚೆ ಡಬ್ಬಿಯ ತುಂಬ ಹಬ್ಬಿತು. ದಾದರಿನಲ್ಲಿ ಇಳಿ ಎಂದು ಹಿಂದಿಯಲ್ಲಿ, ಮರಾಠಿಯಲ್ಲಿ, ಗುಜರಾತಿಯಲ್ಲಿ ಬುದ್ಧಿ ಹೇಳಿದರು. ದಾದರ್ ಬಂದಾಗ ಇಳಿಯಲು ಒಲ್ಲದವನನ್ನೂ ಇಳಿಸುವುದು ಆ ಜನರ ಧರ್ಮ. ಪುಣ್ಯ ಕಟ್ಟಿಕೊಳ್ಳಲು ಆರೇಳು ಜನ ಅವನನ್ನು ಒಟ್ಟಿಗೇ ನೂಕಿದರು. ಭೀಮರಾಯ ಎರಡು ಕೈಯಿಂದ ಕಂಬ ತಬ್ಬಿ, ಕಣ್ಣು ಮುಚ್ಚಿ, ವಿಠ್ಠಲ ವಿಠ್ಠಲ ಎನ್ನುತ್ತ ನಿಂತ. ಪ್ಲಾಟ್‌ಫಾರ್ಮಿಗೆ ಇಳಿದದ್ದು ಅವನ ಒಂದು ಚಪ್ಪಲಿ ಮಾತ್ರ.

ಹೆಸರಿಗೆ ಸೆಂಟ್ರಲ್ ಆದರೂ ತನ್ನದೇ ಲೈನಿನಲ್ಲಿದ್ದ ಮುಂಬಯಿ ಸೆಂಟ್ರಲಿನಲ್ಲಿ ಇಳಿದು ಉಳಿದ ಚಪ್ಪಲಿಯನ್ನೂ ಅಲ್ಲೇ ಬಿಟ್ಟ. ಅದಾಗಲೇ ಅನಿಲಕುಮಾರನ ಫೋನು ಮೂರು ಸಲ, ಶೈಲಾಳ ಫೋನು ಎರಡು ಸಲ ಬಡಿದುಕೊಂಡಿತ್ತು. ಮತ್ತೆ ದಾದರ್, ಮತ್ತೆ ಕ್ಯಾಬ್ ಎನ್ನಲಿಕ್ಕೇ ಇರಬೇಕೆಂದು ಒಂದನ್ನೂ ಎತ್ತಿರಲಿಲ್ಲ. ಮಸಣಕ್ಕೆ ಹೋಗುವವನನ್ನೂ ಬಿಡುವುದಿಲ್ಲವಲ್ಲ ಎಂದು ಸಿಟ್ಟು ಬಂದು ಫೋನನ್ನು ಪೂರ್ತಿ ಬಂದ್ ಮಾಡಿ ಚೀಲದ ತಳಕ್ಕೆ ತುರುಕಿದ.

ಬೈಕುಲ್ಲಾದ ಬಸ್ಸು ಎಲ್ಲಿ ನಿಲ್ಲುತ್ತದೆಂದು ಮೂವರನ್ನು ಕೇಳಿದ. ಮೂವರೂ ಪ್ರೀತಿಯಿಂದ ಮೂರು ದಿಕ್ಕು ತೋರಿಸಿದರು. ನಡುವಿನವನನ್ನು ನಂಬಿ ಬಸ್ಸು ಹತ್ತಿದ. ಸ್ವಲ್ಪ ಹೊತ್ತಿನಲ್ಲಿ ಕಿಟಕಿಯ ಆಚೆ ಸಮುದ್ರ ಕಾಣಿಸಿತು. ಬೈಕುಲ್ಲಾದಲ್ಲಿ ಸಮುದ್ರವಿಲ್ಲ ಎಂಬುದು ಅವನಿಗೆ ನಲವತ್ತು ವರ್ಷದಿಂದ ಗೊತ್ತಿತ್ತು. ಕಂಡಕ್ಟರನನ್ನು ಕೇಳಿದರೆ, ಇದು ಹಾಜಿ ಅಲಿ, ಬೈಕುಲ್ಲಾದ ಬಸ್ಸು ಎದುರಿನ ಬದಿಯದು, ಆದರೆ ಸುಮ್ಮನೆ ಯಾಕೆ ಬಸ್ಸು, ದಾದರಿನಿಂದ ರೈಲಿನಲ್ಲಿ ನಾಲ್ಕೇ ಸ್ಟೇಷನ್ನು ಎಂದು ಉಪದೇಶ ಮಾಡಿದ.

ಭೀಮರಾಯ ಇಳಿದು ನಡೆದೇಬಿಟ್ಟ. ಬರಿಗಾಲು, ಬರಿಹೊಟ್ಟೆ, ನೆತ್ತಿಯ ಮೇಲೆ ಬಿಸಿಲು. ಚೀಲದ ಶಾಖಕ್ಕೆ ತುಳಸಿ ಬಾಡುತ್ತದೆಂದು ಮಾಲೆಯನ್ನು ಕೈಯಲ್ಲಿ ಹಿಡಿದುಕೊಂಡ. ಮಹಾಲಕ್ಷ್ಮಿ ದಾಟಿ ಸಾತ್ ರಸ್ತಾಕ್ಕೆ ಬಂದಾಗ, ರಸ್ತೆಯ ಮೂಲೆಯಲ್ಲಿ ಪುಣ್ಯಕ್ಕೆಂದು ತಿನ್ನಿಸುವವರಿಗೆ ಒಬ್ಬಾಕೆ ಹುಲ್ಲು ಮಾರುತ್ತ ಕಟ್ಟಿಕೊಂಡಿದ್ದ ಆಕಳು, ದಿನವೂ ಅದೇ ಹುಲ್ಲು ತಿಂದು ಬೇಸತ್ತಿತ್ತೋ ಏನೋ, ಮಾಲೆಗೆ ಬಾಯಿ ಹಾಕಿತು. ಗೋಮಾತೆಗೆ ಹೊಡೆಯುವಂತಿಲ್ಲ, ಗೆಳೆಯನ ಮಾಲೆ ಬಿಡುವಂತಿಲ್ಲ. ಇಬ್ಬರೂ ಎಳೆದಾಡಿ ಅರ್ಧರ್ಧ ಹಂಚಿಕೊಂಡರು.

ಕೊನೆಗೆ ಬೈಕುಲ್ಲಾ ಬಂತು. ಕಾಶಿನಾಥನ ಚಾಳು ಮಾತ್ರ ಸೆಂಟ್ರಲ್ ಲೈನಿನ ಹಳಿಯ ಆಚೆ ಬದಿಯಲ್ಲಿತ್ತು. ರಸ್ತೆಯ ಸೇತುವೆ ಹಳಿಯ ಮೇಲೆ ಹಾಯ್ದು ಹೋಗುತ್ತದೆ. ಮೇಲಿನಿಂದ ದಾಟಿದರೆ ಕಾಲಿಟ್ಟ ಹಾಗಾಗುತ್ತದೆಯೇ? ಭೀಮರಾಯ ಸೇತುವೆಯ ಬುಡದಲ್ಲಿ ನಿಂತು ಧರ್ಮಸೂಕ್ಷ್ಮವನ್ನು ಯೋಚಿಸಿದ. ಸೇತುವೆ ರೈಲಿನವರದಲ್ಲ, ಊರಿನದು; ಗಾಳಿ ದೇವರದು. ಕೆಳಗೆ ನೋಡದಿದ್ದರೆ ಸಾಕು ಎಂದು ತೀರ್ಮಾನಿಸಿ ಆಕಾಶ ನೋಡುತ್ತ ದಾಟಿ, ಒಂದು ಕೈಗಾಡಿಗೆ ಡಿಕ್ಕಿ ಹೊಡೆದು ಮೊಣಕಾಲು ತರಚಿಕೊಂಡ.

ಚಾಳಿನ ಅಂಗಳಕ್ಕೆ ಕಾಲಿಟ್ಟಾಗ ಒಂದಕ್ಕೆ ಹತ್ತು ನಿಮಿಷವಿತ್ತು. ಗೆದ್ದೆ ಎಂದುಕೊಂಡ. ಆದರೆ ಅಲ್ಲಿ ಚಟ್ಟವಿಲ್ಲ, ಗಂಡಸರಿಲ್ಲ. ಖೋಲಿಯ ಮುಂದೆ ನಾಲ್ಕು ಹೆಂಗಸರ ನಡುವೆ ಕಸ್ತೂರಿಬಾಯಿ ಕುಳಿತಿದ್ದಳು. ಇವನನ್ನು ಕಂಡು ಅಳುವುದನ್ನೇ ಮರೆತಳು.

“ಅಣ್ಣಾ, ನೀ ಇಲ್ಲ್ಯಾಕ ಬಂದಿ?”

ಹೆಗಲು ಕೊಡುವುದಕ್ಕೆ ಬಂದೆ, ಅವನೆಲ್ಲಿ ಎಂದು ಕೇಳಿದ.

“ನಿನ್ನ ಮನಿಗೆ ಹೋಗ್ಯಾರ,” ಎಂದಳು.

ಭೀಮರಾಯ ಮೆಟ್ಟಿಲ ಮೇಲೆ ಕುಳಿತ. ಆಕೆ ಸೆರಗಿನಿಂದ ಮುಖ ಒರೆಸಿಕೊಂಡು ಹೇಳಿದಳು. ಹಿಂದಿನ ಸಂಜೆ ಕಾಶಿನಾಥ ಅವಳನ್ನು ಹತ್ತಿರ ಕರೆದಿದ್ದ. “‘ಅಂವ ಹಟಮಾರಿ, ನಾ ಸತ್ರೂ ನನ್ನ ಲೈನಿಗೆ ಬರಾಂಗಿಲ್ಲ. ನಾನಽ ಹೋಗ್ತೀನಿ. ಕಾಂದಿವಲಿಗೆ ಒಯ್ದು ಅವನ ಬಾಗಲಮುಂದ ಇಳಸ್ರಿ, ಅಂವ ಹೆಗಲು ಕೊಡ್ಲಿ, ಅಲ್ಲೇ ಸುಡ್ರಿ. ಮೋಟರಿನ್ಯಾಗ ಒಯ್ರಿ ಮತ್ತ. ರೈಲಿಗೆ ಹಚ್ಚಬ್ಯಾಡ್ರಿ, ನನ್ನ ಮಾತೂ ಉಳೀಲಿ’ ಅಂದ್ರು.”

ನಸುಕಿನ ಗದ್ದಲದಲ್ಲಿ ಮಗನಿಗೆ ಹೇಳಲು ಮರೆತಿದ್ದಳು. ಹತ್ತು ಗಂಟೆಗೆ ಹೇಳಿದಳು. ಈಶ್ವರ ಕೂಡಲೇ ಹೆಣದ ಗಾಡಿ ತರಿಸಿ ಹೊರಟ. ಭೀಮರಾಯನಿಗೆ ಹನ್ನೊಂದು ಸಲ ಫೋನು ಮಾಡಿದರು. ಶೈಲಾ ಮಾಡಿದಳು. ಅನಿಲಕುಮಾರನಂತೂ ಇನ್ನೂ ಮಾಡುತ್ತಲೇ ಇದ್ದ.

ಚೀಲದ ತಳದಿಂದ ಫೋನು ತೆಗೆದು ಚಾಲೂ ಮಾಡಿ ಈಶ್ವರನಿಗೆ ಹಚ್ಚಿದ. ಅವರು ಬಿಲ್ಡಿಂಗಿನ ಗೇಟಿನ ಮುಂದೆ ಕಾದು ಕುಳಿತಿದ್ದರು. ಮಸಣದಲ್ಲಿ ಎರಡು ಗಂಟೆಗೆ ಸರದಿ ಸಿಕ್ಕಿದೆ, ಹಿಂದೆ ಇನ್ನೆರಡು ಹೆಣಗಳಿವೆ, ಎರಡರ ತನಕ ಮಾತ್ರ ತಡೆಯಬಹುದು, ಲಗೂನೆ ಬರ್ರಿ ಕಾಕಾ ಎಂದ.

ಬೈಕುಲ್ಲಾ ಸ್ಟೇಷನ್ನು ಐದು ನಿಮಿಷದ ದಾರಿ. ಅಲ್ಲಿಂದ ದಾದರ್, ದಾದರಿನಿಂದ ಕಾಂದಿವಲಿ. ಬೇರೆ ಯಾವ ದಾರಿಯಿಂದಲೂ ಎರಡಕ್ಕೆ ಮುಟ್ಟುವಂತಿರಲಿಲ್ಲ. ಭೀಮರಾಯ ಸ್ಟೇಷನ್ನಿನ ಮೆಟ್ಟಿಲಿನ ಮುಂದೆ ಒಂದು ಗಳಿಗೆ ನಿಂತ. ಮಾತು ಉಳಿಸಿದರೆ ಹೆಗಲು ತಪ್ಪುತ್ತದೆ. ಹೆಗಲು ಕೊಡಬೇಕಾದರೆ ಮಾತು ಮುರಿಯಬೇಕು. ಸತ್ತವನು ಮಾತ್ರ ಎರಡನ್ನೂ ಉಳಿಸಿಕೊಂಡು ಮೋಟಾರಿನಲ್ಲಿ ಆರಾಮಾಗಿ ಹೋಗಿದ್ದ.

“ಗೆದ್ದಿ ನೀನು, ಮಗನ,” ಎಂದು ಗಟ್ಟಿಯಾಗಿಯೇ ಅಂದು, ಬಲಗಾಲಿಟ್ಟು ಇಳಿದ.

ಸೆಂಟ್ರಲ್ ಲೈನಿನ ಗಾಡಿ ಹತ್ತು ನಿಮಿಷಕ್ಕೆ ದಾದರ್ ಮುಟ್ಟಿಸಿತು, ಅದೂ ಕುಳಿತುಕೊಳ್ಳಲು ಜಾಗ ಕೊಟ್ಟು. ಆರು ವರ್ಷ ಅದನ್ನು ಬೈದವನಿಗೆ ಇದಕ್ಕಿಂತ ದೊಡ್ಡ ಅವಮಾನ ಬೇಕಿರಲಿಲ್ಲ. ತಡವಾದದ್ದು ತನ್ನದೇ ಲೈನಿನಲ್ಲಿ. ಬ್ಲಾಕಿನಿಂದಾಗಿ ಎರಡು ಗಾಡಿ ರದ್ದಾಗಿದ್ದವು. ಮೂರನೆಯದು ಬಂದಾಗ ಬಾಗಿಲಿಗೆ ಮುಟ್ಟಲಾಗಲಿಲ್ಲ. ನಾಲ್ಕನೆಯದರಲ್ಲಿ ತೂರಿಕೊಂಡು, ಕಾಂದಿವಲಿಯಲ್ಲಿ ಇಳಿದು, ರಿಕ್ಷಾ ಹಿಡಿದು ಮಸಣದ ಗೇಟು ಮುಟ್ಟಿದಾಗ ಮೂರಕ್ಕೆ ಐದು ನಿಮಿಷ.

ಚಿತೆ ಅರ್ಧ ಉರಿದಿತ್ತು. ಈಶ್ವರ ಓಡಿ ಬಂದು ಕಾಲು ಮುಟ್ಟಿದ. ಬಿಲ್ಡಿಂಗಿನ ಗೇಟಿನ ಮುಂದೆ ಶೈಲಾ ಕಾಶಿನಾಥನ ಬಾಯಿಗೆ ನೀರು ಬಿಟ್ಟಳೆಂದೂ, ಎರಡರ ಮೇಲೆ ಹತ್ತು ನಿಮಿಷದ ತನಕ ಕಾದೆವೆಂದೂ ಹೇಳಿದ. ಅವನ ಹಿಂದೆ ಅನಿಲಕುಮಾರ ಒದ್ದೆ ಪಂಚೆಯಲ್ಲಿ, ಹೆಗಲು ಒತ್ತಿಕೊಳ್ಳುತ್ತ ನಿಂತಿದ್ದ. ಜೀವಮಾನದಲ್ಲಿ ಒಂದು ಸಲವೂ ಕಾಶಿನಾಥನ ಮುಖ ಕಂಡವನಲ್ಲ.

“ನಿಮ್ಮ ಬದಲಿಗೆ ನಾನೇ ಹೆಗಲು ಕೊಟ್ಟೆ, ಭೀಮರಾಯರೇ. ಬೆಳಿಗ್ಗೆಯೇ ಹೇಳಿದ್ದೆ, ಕ್ಯಾಬ್ ಮಾಡಿ ಅಂತ,” ಎಂದ.

ಬೈಯಬೇಕೆಂದಿದ್ದ ಭೀಮರಾಯ ಅವನಿಗೆ ಕೈ ಮುಗಿದ. ಬೈಕುಲ್ಲಾದಿಂದ ಹೇಗೆ ಬಂದಿರಿ ಕಾಕಾ ಎಂದು ಈಶ್ವರ ಕೇಳಿದ.

“ಬಸ್ಸಿನ್ಯಾಗ,” ಎಂದ ಭೀಮರಾಯ, ಯಾರ ಮುಖವನ್ನೂ ನೋಡದೆ.

ಆಮೇಲೆ ಒಬ್ಬನೇ ಚಿತೆಯ ಹತ್ತಿರ ಹೋಗಿ ಅರ್ಧ ಮಾಲೆಯನ್ನು ಬೆಂಕಿಗೆ ಹಾಕಿದ. ಕಣ್ಣಿನಲ್ಲಿ ನೀರು ಬಂತು. ಹೊಗೆಗೆ ಬಂತೆಂದು ಬೇರೆಯವರು ತಿಳಿಯಲಿ ಎಂದು ಹೊಗೆ ಬರುವ ಕಡೆಗೇ ಸರಿದು ನಿಂತ. ಎರಡೂ ಕೈ ಜೋಡಿಸಿ ಮನಸ್ಸಿನಲ್ಲೇ ಬೇಡಿಕೊಂಡ:

ಪಾಂಡುರಂಗಾ, ನಾನು ಯಾವ ಲೈನಿನಲ್ಲಿ ಬಂದೆನೆಂದು ಇವನಿಗೆ ಮಾತ್ರ ಹೇಳಬೇಡ. ಇವನು ಹುಟ್ಟಿದಂದಿನಿಂದ ಭಾರ ಹೊತ್ತವನು, ನಿಂತುಕೊಂಡೇ ಊರು ತಿರುಗಿದವನು. ನಿನ್ನ ಪಾದದ ಹತ್ತಿರ ಇವನಿಗೆ ಕುಳಿತುಕೊಳ್ಳಲು ಒಂದಿಷ್ಟು ಜಾಗ ಕೊಡು. ಇವನ ಆತ್ಮಕ್ಕೆ ಶಾಂತಿ ಕೊಡು.