ಕನ್ನಡಕದವನ ಫೈನಲ್ ಪಂದ್ಯ

"ಗೆದ್ರೆ ಬಹುಮಾನದ ಕಂಪ್ಯೂಟರ್ ನಿಮ್ದು, ಇದು ನಂದು. ಸೋತ್ರೆ ನಿಮ್ಮ ಆಟಾನ ಇದರಿಂದ ಅಳಿಸಿಹಾಕ್ತೀನಿ. ಆಮೇಲೆ ಮುಖ ಊದಿಸ್ಕೊಂಡು ಕೂರಬಾರ್ದು," ಎಂದಳು ಹೆಂಡತಿ.

ಕನ್ನಡಕದಂಗಡಿಯವನು ತಲೆಯಾಡಿಸಿದ. ಅವಳು ಗಿರಾಕಿಗಳ ಮದುವೆ ಆಲ್ಬಮ್ ಜೋಡಿಸುವ ಕಂಪ್ಯೂಟರಿನೊಳಗೆ ಅವನು ವರ್ಷಗಟ್ಟಲೆ ಸಾಕಿದ ಕೂಸಿತ್ತು: ತಾನೇ ಗೋ ಆಡುವ ಪ್ರೋಗ್ರಾಮು. ಗೋ ಎಂದರೆ ಹಲಗೆಯ ಮೇಲೆ ಕರಿ-ಬಿಳಿ ಕಾಯಿಟ್ಟು ಎದುರಾಳಿಗಿಂತ ಹೆಚ್ಚು ಜಾಗ ಹಿಡಿಯುವ ಆಟ. ಇವತ್ತು ಇಂಟರ್‌ನೆಟ್ಟಿನಲ್ಲಿ ಪ್ರೋಗ್ರಾಮುಗಳದೇ ಪಂದ್ಯಾವಳಿಯ ಫೈನಲ್. ಎದುರಾಳಿಗೆ ಕೋಣೆ ತುಂಬ ಕಂಪ್ಯೂಟರುಗಳಿವೆಯಂತೆ. ಇವನಿಗೆ ಎಮ್ಮೆಯ ಹಾಗೆ ಉಸಿರು ಬಿಡುವ ಇದೊಂದೇ. ಅದರ ಶಕ್ತಿ ಚೂರೂ ಪೋಲಾಗಬಾರದೆಂದು ತೆರೆಯ ಮೇಲೆ ಗೆಲುವಿನ ಅಂದಾಜು ತೋರಿಸುವ ಕಿಟಕಿಯನ್ನೂ ಮುಚ್ಚಿಬಿಟ್ಟಿದ್ದ.

ಪಂದ್ಯ ಶುರುವಾಯಿತು. ಅವನು ಕೂತ, ಎದ್ದ, ಒರೆಸಿದ ಕನ್ನಡಕವನ್ನೇ ಮತ್ತೆ ಒರೆಸಿದ. ಸುದ್ದಿ ಕೇಳಿ ಪಕ್ಕದ ಮನೆಯ ಟೈಲರ್ ಟೇಬಲ್ ಫ್ಯಾನ್ ಹೊತ್ತು ತಂದು, ಜ್ವರದ ಮಗುವಿಗೆ ಬೀಸುವಂತೆ ಕಂಪ್ಯೂಟರಿಗೆ ಗಾಳಿ ಹಾಕತೊಡಗಿದ. ಮೇಲಿನ ಮನೆಯ ಮೇಷ್ಟ್ರೂ ಇಳಿದು ಬಂದರು. ಗೋ ಆಟವನ್ನು ಪುಸ್ತಕ ಓದಿ ಕಲಿತವರು.

"ಇದೇನಪ್ಪ, ತನ್ನ ಜಾಗದಲ್ಲೇ ತಾನು ಕಾಯಿ ತುಂಬ್ಕೊಳ್ತಿದೆ? ನಡುಮನೇಲಿ ಬೇಲಿ ಹಾಕ್ದಂಗೆ."

"ನಾನು ಕೈ ಹಾಕೋ ಹಾಗಿಲ್ಲ ಮೇಷ್ಟ್ರೇ. ಅದೇ ಆಡ್ಬೇಕು. ಬೇಕಿದ್ರೆ ಸೋಲೊಪ್ಕೋಬಹುದು, ಅಷ್ಟೇ."

ಮುಂದಿನ ನಡೆ ಇನ್ನೂ ಪೆದ್ದಾಗಿತ್ತು.

"ಬಿಸಿಗೆ ಅದರ ತಲೆ ಕೆಟ್ಟಿದೆ ಕಣಣ್ಣ," ಎಂದ ಟೈಲರ್.

"ಅದು ಸುಟ್ಟುಹೋದ್ರೆ ನನ್ನ ಆಲ್ಬಮ್ ಗತಿಯೇನು?" ಎಂದಳು ಹೆಂಡತಿ.

"ಊರೆಲ್ಲ ನೋಡ್ತಿದೆ. ಮರ್ಯಾದೆಯಾಗಿ ಬಿಟ್ಕೊಡಪ್ಪ," ಎಂದರು ಮೇಷ್ಟ್ರು.

ಕನ್ನಡಕದವನು ಮೌಸ್ ಹಿಡಿದ. ಇನ್ನೊಂದು ಪೆದ್ದು ನಡೆ ಬಿದ್ದದ್ದೇ ತಡ, ಕಣ್ಣು ಮುಚ್ಚಿ 'ಸೋಲೊಪ್ಪಿದೆ' ಗುಂಡಿ ಒತ್ತಿಬಿಟ್ಟ.

ಮರುಗಳಿಗೆಯೇ ಫೋನು ಬಂತು. ಎದುರಾಳಿ.

"ಸಾರ್, ಯಾಕ್ ಬಿಟ್ರಿ? ನಮ್ ಪ್ರೋಗ್ರಾಮು ಆಗ್ಲೇ ಕೈಚೆಲ್ಲಿ ಕೂತಿತ್ತು. ನಾನೇ ಸೋಲೊಪ್ಪೋಣ ಅಂತಿದ್ದೆ."

"ಮತ್ತೆ... ಆ ಪೆದ್ದು ನಡೆಗಳು?"

"ಗೆಲುವು ಖಾತ್ರಿ ಆದ್ಮೇಲೆ ಇಂಥ ಪ್ರೋಗ್ರಾಮು ಸೋಮಾರಿ ಆಗಲ್ವಾ ಸಾರ್? ಅರ್ಧ ಅಂಕದಲ್ಲಿ ಗೆದ್ರೂ ಅದಕ್ಕೆ ಗೆಲುವೇ. ಬರೆದೋರು ನೀವೇ ತಾನೇ?"

ಕನ್ನಡಕದವನು ಫೋನಿಟ್ಟ. ಅದನ್ನು ಹಾಗೆ ಬರೆದದ್ದು ತಾನೇ ಎಂಬುದು ಈಗ ಚೆನ್ನಾಗಿ ನೆನಪಾಯಿತು.

"ಏನಂತೆ?" ಎಂದರು ಮೇಷ್ಟ್ರು.

"ಥ್ಯಾಂಕ್ಸ್ ಅಂದ."

"ನೋಡಿದ್ಯಾ? ಸರಿಯಾದ ಹೊತ್ತಲ್ಲಿ ಬಿಟ್ಕೊಟ್ರೆ ಎದುರಾಳೀನೂ ಮೆಚ್ತಾನೆ."

ಹೆಂಡತಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಅವನ ಅಂಗೈಯಡಿಯಿಂದ ಮೌಸನ್ನು ಮೆಲ್ಲಗೆ ಬಿಡಿಸಿಕೊಂಡಳು.