ಒಳಗೆ ಜಾಗ ಉಂಟು

ನಮ್ಮ ಬಾಪ್ಪುವಿನ ಸ್ಕೂಟರಿನ ಹಿಂದಿನ ಸೀಟಿನಲ್ಲಿ ಕೂರುವ ಧೈರ್ಯ ಮಾಡಿದವರು ಈ ಊರಿನಲ್ಲಿ ಇಬ್ಬರೇ. ಒಬ್ಬಳು ನಾನು. ಇನ್ನೊಬ್ಬಳು ಸಾಕ್ಷಾತ್ ಮರಿಯ ಮಾತೆ. ಅವಳಿಗೆ ಹೆಲ್ಮೆಟ್ ಇತ್ತು, ನನಗೆ ಇರಲಿಲ್ಲ!

ಬಾಪ್ಪು ಎಂದರೆ ನಮ್ಮ ಕೊಂಕಣಿಯಲ್ಲಿ ಚಿಕ್ಕಪ್ಪ. ಇವರು ಮಂಗಳೂರಿನ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದವರು. ಮದುವೆಯಾಗಲಿಲ್ಲ. ಯಾಕೆಂದು ಕೇಳಿದರೆ, "ನಾನು ಲಾಸ್ಟ್ ಟ್ರಿಪ್ ಮುಗಿಸಿ ಬರುವಾಗ ಹುಡುಗಿಯರಿಗೆಲ್ಲ ಮದುವೆ ಆಗಿ ಆಗಿತ್ತು" ಎನ್ನುತ್ತಾರೆ. ಬಸ್ಸು ಬಿಟ್ಟ ಮೇಲೆ ಸುಮ್ಮನೆ ಕೂರುವ ಜಾಯಮಾನ ಅವರದ್ದಲ್ಲ. ಇಗರ್ಜಿಯಲ್ಲಿ, ಅಂದರೆ ನಮ್ಮ ಚರ್ಚಿನಲ್ಲಿ, ಒಂದು ಸೇವೆ ಹಿಡಿದುಕೊಂಡರು.

ನಮ್ಮವರಿಗೆ ಅಕ್ಟೋಬರ್ ಜಪಸರದ ತಿಂಗಳು. ಇಗರ್ಜಿಗೆ ಸೇರಿದ ಮನೆಗಳನ್ನು ವಾರ್ಡುಗಳಾಗಿ ಹಂಚಿರುತ್ತಾರೆ. ಆ ತಿಂಗಳಿಡೀ ಮಾತೆಯ ಪ್ರತಿಮೆ ವಾರ್ಡಿನಲ್ಲಿ ದಿನಕ್ಕೊಂದು ಮನೆಯಂತೆ ಉಳಿದುಕೊಳ್ಳುತ್ತದೆ. ಸಂಜೆ ನೆರೆಯವರೆಲ್ಲ ಆ ಮನೆಯಲ್ಲಿ ಸೇರಿ ಮಣಿ ಎಣಿಸುತ್ತ ಜಪಸರ ಹೇಳಿ, ಬೇಯಿಸಿದ ಕಡಲೆ ತಿಂದು, ಚಹಾ ಕುಡಿದು ಹೊರಡುತ್ತಾರೆ. ಮರುದಿನ ಪ್ರತಿಮೆಯನ್ನು ಮುಂದಿನ ಮನೆಗೆ ಮುಟ್ಟಿಸುವುದೇ ಬಾಪ್ಪುವಿನ ಸೇವೆ.

ಕಾರಿನಲ್ಲಿ ಒಯ್ಯುತ್ತೇವೆ ಎಂದರೆ ಒಪ್ಪುವುದಿಲ್ಲ. ಮಾತೆಗೆ ಹಳೆಯ ಬೆಡ್‌ಶೀಟು ಹೊದೆಸಿ, ಸೀಟಿನ ಮೇಲೆ ಕೂರಿಸಿ, ತಮ್ಮ ಸೊಂಟಕ್ಕೆ ಸೇರಿಸಿ ಹಗ್ಗ ಬಿಗಿಯುತ್ತಾರೆ. ಕಿರೀಟ ಅಲುಗಬಾರದೆಂದು ಮೇಲಿಂದ ಹೆಲ್ಮೆಟ್. ಒಮ್ಮೆ ಉರ್ವ ಮಾರ್ಕೆಟಿನ ಹತ್ತಿರ ಪೊಲೀಸರು ಕೈ ಅಡ್ಡ ಹಿಡಿದರಂತೆ.

"ಹಿಂದೆ ಕೂತದ್ದು ಯಾರು?"

"ಅಮ್ಮ ಸರ್."

"ಮತ್ತೆ ಎಂತ ಮಾತೇ ಆಡುವುದಿಲ್ಲ?"

"ಅವರದ್ದು ಕೇಳುವ ಕೆಲಸ ಮಾತ್ರ ಸರ್. ಮಾತಾಡುವುದೆಲ್ಲ ನಾವು."

ಪೊಲೀಸರು ಬೆಡ್‌ಶೀಟು ಸ್ವಲ್ಪ ಸರಿಸಿ ನೋಡಿ, ಕೈ ಮುಗಿದು, ನಿಧಾನ ಹೋಗಿ ಎಂದು ಬಿಟ್ಟರಂತೆ. ಇದರಲ್ಲಿ ಎಷ್ಟು ನಿಜ, ಎಷ್ಟು ಮಸಾಲೆ ಎಂದು ನನಗೆ ಗೊತ್ತಿಲ್ಲ. ಸ್ಕೂಟರಿನ ವೇಗ ನೋಡಿದ ನನಗೆ "ನಿಧಾನ ಹೋಗಿ" ಎಂಬುದರಲ್ಲಿ ಮಾತ್ರ ಸಂಶಯವಿಲ್ಲ.

ಪ್ರತಿಮೆ ಮುಟ್ಟಿಸಿದಲ್ಲಿಗೆ ಇವರ ಕೆಲಸ ಮುಗಿಯುತ್ತದೆಯೇ? ಸಂಜೆ ಆ ಮನೆಯ ಬಾಗಿಲಲ್ಲಿ ನಿಂತು, "ಒಳಗೆ ಜಾಗ ಉಂಟು, ಮುಂದೆ ಹೋಗಿ, ಮುಂದೆ ಹೋಗಿ" ಎಂದು ಜನರನ್ನು ತುಂಬಿಸುತ್ತಾರೆ. ಫ್ಲಾಟಿನ ಹಾಲ್ ತುಂಬಿ, ಅಡುಗೆಮನೆ ತುಂಬಿ, ದಪ್ಪಗಿನವರೊಬ್ಬರು ಫ್ರಿಜ್ಜಿಗೆ ಒರಗಿ ಪ್ರಾರ್ಥನೆ ಹೇಳುವ ಸ್ಥಿತಿ ಬಂದರೂ ಒಳಗೆ ಜಾಗ ಉಂಟು. ಕೊನೆಗೆ ಕಡಲೆ ಬಾಯಿಗೆ ಹಾಕಿ ಎಲ್ಲರೆದುರು ತೀರ್ಪು ಕೊಡುತ್ತಾರೆ: "ಭಕ್ತಿ ಸರಿ ಉಂಟು. ಉಪ್ಪು ಕಡಿಮೆ." ವಾರ್ಡಿನ ಹೆಂಗಸರು ಬಿಷಪರಿಗೂ ಇಷ್ಟು ಹೆದರಿದವರಲ್ಲ.

ಇಂಥ ಬಾಪ್ಪು ಕಳೆದ ವರ್ಷ ಎಡವಿದರು. ಆ ದಿನದ ಸರದಿ ನಮ್ಮ ವಾರ್ಡಿನ ನಿವೃತ್ತ ಟೀಚರರದ್ದು. ಅವರಿರುವ ಅಪಾರ್ಟ್‌ಮೆಂಟಿನಲ್ಲಿ ಎರಡು ಬ್ಲಾಕುಗಳು, ನೋಡಲು ಒಂದೇ ಥರ. ಬಾಪ್ಪು ತಪ್ಪಿ ಇನ್ನೊಂದು ಬ್ಲಾಕಿಗೆ ಹತ್ತಿ, ಅದೇ ನಂಬರಿನ ಬಾಗಿಲು ತಟ್ಟಿದರು. ತೆರೆದವರು ಬಜಪೆ ಕಡೆಯ ತುಳು ಮನೆಯವರು, ಹಿಂದೂಗಳು. ಆ ಅಮ್ಮ ಪ್ರತಿಮೆ ನೋಡಿದ್ದೇ "ಬನ್ನಿ ಬನ್ನಿ" ಎಂದು ಒಳಗೆ ಕರೆದು, ದೀಪ ಹಚ್ಚಿ, ಮಲ್ಲಿಗೆ ಇಟ್ಟರು. ಮನೆ ಗುಡಿಸಿ ಒರೆಸಿ, ಹೊಸ ಪರದೆ ಹಾಕಿ, ಟೀಚರ್ ಆಚೆ ಬ್ಲಾಕಿನಲ್ಲಿ ಕಾಯುತ್ತಲೇ ಇದ್ದರು. ವಿಷಯ ತಿಳಿಯುವಾಗ ಸಂಜೆ. ಮಾತೆ ಮಲ್ಲಿಗೆ ಮುಡಿದು ಕೂತಾಗಿದೆ, ಎಬ್ಬಿಸುವುದು ಹೇಗೆ? ಜಪಸರ ಅಲ್ಲೇ ಆಯಿತು. ಕಡಲೆಯ ಬದಲು ಗೋಳಿಬಜೆ ಸಿಕ್ಕಿತು.

ಟೀಚರ್ ಮಾತ್ರ ಕೆಂಡವಾದರು. ಬಾಪ್ಪುವಿನ ಸಮರ್ಥನೆ ಇಷ್ಟೇ: "ಅಷ್ಟು ಪ್ರೀತಿಯಲ್ಲಿ ಬಾಗಿಲು ತೆಗೆದವರ ಹತ್ತಿರ ಅಡ್ರೆಸ್ ಕೇಳುವುದು ಹೇಗೆ ಮಾರಾಯ್ತಿ?"

ಈ ವರ್ಷ ನಮ್ಮ ವಿಗಾರರು ಹೊಸ ಆಲೋಚನೆ ತಂದರು. ಎಳೆಯ ಪ್ರಾಯದ ಫಾದರ್, ಒಳ್ಳೆಯ ಮನುಷ್ಯ. ಇಗರ್ಜಿಯ ಬೆಂಚುಗಳು ಖಾಲಿಯಾಗುತ್ತಿವೆ, ಒಂದೇ ಲಿಫ್ಟಿನಲ್ಲಿ ಹತ್ತಿಳಿಯುವವರಿಗೆ ಪರಸ್ಪರ ಹೆಸರು ಗೊತ್ತಿಲ್ಲ, ಮುಂದೆ ನಾವು ಯಾವುದಕ್ಕಾಗಿ ಇರಬೇಕು ಎಂದು ಎಲ್ಲರೂ ಕೂಡಿ ಯೋಚಿಸೋಣ ಎಂದರು. ವಾರ್ಡುವಾರು ಸಭೆಗಳಾದವು. ನಮ್ಮ ಸಭೆಯಲ್ಲಿ ಗೋಡೆಗೆ ದೊಡ್ಡ ಕಾಗದ ಅಂಟಿಸಿ ಬರೆದಿದ್ದರು: "ಹತ್ತು ವರ್ಷದ ನಂತರ ನಾವು ಎಲ್ಲಿರಬೇಕು?" ಒಬ್ಬರು ಎ.ಸಿ. ಹಾಲ್ ಬೇಕೆಂದರು. ಇನ್ನೊಬ್ಬರು ಆ್ಯಪ್ ಬೇಕೆಂದರು. ಎ.ಸಿ. ಹಾಲಿನಲ್ಲಿ ಆ್ಯಪ್ ಬಿಡುಗಡೆ ಮಾಡಬಹುದೆಂದು ನನಗೂ ಅನ್ನಿಸಿತು, ಹೇಳಲಿಲ್ಲ.

ಆಮೇಲೆ ಒಬ್ಬ ಯುವಕ ಎದ್ದು ಮರ್ಯಾದೆಯಿಂದಲೇ ಹೇಳಿದ. ಎಲ್ಲರಿಗೂ ಡ್ಯೂಟಿ, ಟ್ರಾಫಿಕ್. ಮನೆಮನೆಗೆ ಪ್ರತಿಮೆ ಒಯ್ಯುವುದು ನಿಲ್ಲಿಸಿ, ಮೊಬೈಲಿನಲ್ಲೇ ಒಟ್ಟಿಗೆ ಜಪಸರ ಹೇಳಬಹುದು. ಕಳೆದ ವರ್ಷದ ಎಡವಟ್ಟೂ ತಪ್ಪುತ್ತದೆ. ಹಲವರು ತಲೆಯಾಡಿಸಿದರು. ನಾನು ಬಾಪ್ಪುವನ್ನು ನೋಡಿದೆ. ಅಷ್ಟು ಮಾತಿನ ಮನುಷ್ಯ ಮಡಿಲಲ್ಲಿದ್ದ ಹೆಲ್ಮೆಟಿನ ಪಟ್ಟಿಯನ್ನು ಹಾಕುತ್ತಿದ್ದರು, ಬಿಚ್ಚುತ್ತಿದ್ದರು. ನನಗೆ ಸಂಕಟವಾಯಿತು. ಇದೂ ಹೋದರೆ ಈ ಮನುಷ್ಯನಿಗೆ ಬಾಗಿಲು ತೆರೆಯುವವರು ಯಾರು?

"ನೀವೆಂತ ಹೇಳ್ತೀರಿ?" ಎಂದು ಫಾದರ್ ಅವರನ್ನೇ ಕೇಳಿದರು.

"ನಾನು ಎಂತ ಹೇಳುವುದು ಫಾದರ್? ಸ್ಕೂಟರಿಗೆ ಹೊಸ ಬ್ರೇಕ್ ಹಾಕಿಸಿದ್ದೇನೆ."

ಯಾರೂ ನಗಲಿಲ್ಲ. ಆಗ ಎದ್ದವರು ಟೀಚರ್. ಮುಗಿಯಿತು ಕತೆ ಎಂದುಕೊಂಡೆ.

"ಕಳೆದ ವರ್ಷ ನನ್ನ ಸರದಿ ಇವರಿಂದಾಗಿ ತಪ್ಪಿತು. ಅದನ್ನು ಕೊಡದೆ ನಿಲ್ಲಿಸುವುದು ಯಾವ ನ್ಯಾಯ ಫಾದರ್?" ಎಂದರು. ದನಿ ಇಳಿಸಿ ಮುಂದುವರಿಸಿದರು: "ಆಚೆ ಬ್ಲಾಕಿನ ಆ ಅಮ್ಮ ಈಗ ದಿನಾ ಸಂಜೆ ನನ್ನೊಟ್ಟಿಗೆ ವಾಕಿಂಗ್ ಬರ್ತಾರೆ. ಈ ಸಲ ಮಾತೆ ನಮ್ಮಲ್ಲಿಗೆ ಯಾವಾಗ ಅಂತ ಕೇಳ್ತಾರೆ. ಮೊಬೈಲಿನಲ್ಲಿ ಬರ್ತಾಳೆ ಅಂತ ನಾನು ಹೇಳುವುದಾ?"

ಫಾದರ್ ಆ ಗೋಡೆಯ ಕಾಗದದ ಕಡೆ ತಿರುಗಿದರು. ನಾವು ಎಲ್ಲಿರಬೇಕು ಎಂಬ ಪ್ರಶ್ನೆಗೆ ಹಾಲ್, ಆ್ಯಪ್ ಎಂದೆಲ್ಲ ಉತ್ತರ ಬಂದಿತ್ತು. ಪಕ್ಕದ ಮನೆಯಲ್ಲಿ ಎಂದು ಯಾರೂ ಬರೆದಿರಲಿಲ್ಲ. ಮೊಬೈಲಿನ ಜಪಸರ ಹೊರದೇಶದಲ್ಲಿ ಇರುವವರಿಗೆ ಇರಲಿ, ಇಲ್ಲಿ ಮನೆಮನೆಗೆ ಹೋಗೋಣ, ಕರೆದರೆ ಯಾರ ಮನೆಗಾದರೂ ಹೋಗೋಣ ಎಂದು ತೀರ್ಮಾನವಾಯಿತು. ಹೊರಡುವ ಮುಂಚೆ ಫಾದರ್ ಬಾಪ್ಪುವನ್ನು ಕೇಳಿದರು:

"ನಿಮ್ಮ ಮನೆಗೆ ಯಾವ ದಿವಸ?"

ನನಗೂ ಆಗಲೇ ಹೊಳೆದದ್ದು. ತಿಂಗಳ ಕೊನೆಯ ದಿನ ಬಾಪ್ಪುವಿನದ್ದು. ಪ್ರತಿ ವರ್ಷ ಆ ದಿನ ಅವರು ಪ್ರತಿಮೆಯನ್ನು ನೇರವಾಗಿ ಇಗರ್ಜಿಗೆ ಮುಟ್ಟಿಸಿಬಿಡುತ್ತಿದ್ದರು.

"ನನ್ನದು ಮನೆಯಾ ಫಾದರ್? ಒಂದು ರೂಮು. ಮಾತೆ ಒಳಗೆ ಕೂತರೆ ನಾನು ಹೊರಗೆ ನಿಲ್ಲಬೇಕು. ಜಾಗ ಎಲ್ಲಿ ಉಂಟು?"

"ಬಸ್ಸಿನಲ್ಲಿ ನಮ್ಮನ್ನೆಲ್ಲ ತುಂಬಿಸುವಾಗ ಎಲ್ಲಿತ್ತು?" ಎಂದರು ಟೀಚರ್.

ಹೀಗೆ ಅಕ್ಟೋಬರಿನ ಕೊನೆಯ ಸಂಜೆ ಇಡೀ ವಾರ್ಡು ಬಾಪ್ಪುವಿನ ಬಾಡಿಗೆ ರೂಮಿಗೆ ಹೋಯಿತು. ಮಂಚವನ್ನು ಅಂಗಳಕ್ಕೆ ಹಾಕಿ, ಮೇಜಿನ ಮೇಲೆ ಮಾತೆಯನ್ನು ಕೂರಿಸಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಬಾಪ್ಪು ಬಾಗಿಲಲ್ಲಿ ನಿಂತಿದ್ದರು. ಎಲ್ಲರೂ ಆ ಮಾತಿಗೇ ಕಾಯುತ್ತಿದ್ದೆವು. ಅವರು ಬಂದವರ ತಲೆ ಎಣಿಸುತ್ತಲೇ ಇದ್ದರು. ಕೊನೆಗೆ ಟೀಚರೇ ಹಿಂದಿರುಗಿ, "ಒಳಗೆ ಜಾಗ ಉಂಟು, ಮುಂದೆ ಬನ್ನಿ" ಎಂದು ಆಚೆ ಬ್ಲಾಕಿನ ಅಮ್ಮನ ಕೈ ಹಿಡಿದು ಕರೆದೊಯ್ದರು. ಉಳಿದವರು ಮೆಟ್ಟಿಲಲ್ಲಿ, ಅಂಗಳದಲ್ಲಿ, ಮಂಚದ ಮೇಲೆ ಕೂತೆವು.

ಜಪಸರ ಮುಗಿದು ಕಡಲೆ ಬಂತು. ಒಲೆಯ ಮೇಲಿದ್ದ ದೊಡ್ಡ ಪಾತ್ರೆ ನೋಡಿ, ಒಬ್ಬಂಟಿ ಮನುಷ್ಯನಿಗೆ ಇಷ್ಟು ದೊಡ್ಡ ಪಾತ್ರೆ ಎಲ್ಲಿಯದು ಎಂದು ರೂಮು ಬಾಡಿಗೆಗೆ ಕೊಟ್ಟ ಮನೆಯೊಡತಿಯ ಹತ್ತಿರ ಕೇಳಿದೆ.

"ಅದು ಅವರದ್ದೇ. ಪ್ರತಿ ವರ್ಷ ಈ ದಿವಸ ಅದರಲ್ಲೇ ಕಡಲೆ ಬೇಯಿಸ್ತಾರೆ, ಜನ ಬಂದರೆ ಬೇಕಲ್ಲ ಅಂತ. ಕತ್ತಲಾಗುವವರೆಗೆ ಕಾದು, ಮತ್ತೆ ನಮಗೆಲ್ಲ ಹಂಚ್ತಾರೆ" ಎಂದ ಆಕೆ ಪಾತ್ರೆಯೊಳಗೆ ಇಣುಕಿ ನಕ್ಕರು. "ಈ ಸಲ ನಮಗೆ ಇಲ್ಲ ಅಂತ ಕಾಣ್ತದೆ."

ಅಷ್ಟರಲ್ಲಿ ಬಾಪ್ಪು ನನ್ನೆದುರು ಬಂದು ನಿಂತರು. ಶಾಲೆಯ ಫಲಿತಾಂಶಕ್ಕೆ ಕಾಯುವ ಮಕ್ಕಳ ಮುಖ.

"ಉಪ್ಪು ಹೇಗೆ ಉಂಟು?"

ಖಾಲಿಯಾದ ತಟ್ಟೆ ಮುಂದೆ ಚಾಚಿದೆ.

"ಇನ್ನೂ ಸ್ವಲ್ಪ ಹಾಕಿ ಬಾಪ್ಪು."