ಮಾಸ್ತರರು ಪೂರಾ ಹಾಡಿದ ದಿನ

ಹಾಡು ಕಲಿಸುವವರು ಕಟ್ಟಡ ಕಟ್ಟಲು ಹೊರಟರೆ ಆಗಬಾರದ್ದೆಲ್ಲ ಆಗುತ್ತದೆ, ಅದೂ ಸರಿಯಾಗಿ ತಾಳಕ್ಕೆ ಬಂದು ಬೀಳುತ್ತದೆ. ಆಳಂದದ ನಮ್ಮ ಸಂಗೀತ ಶಾಲೆಗೆ ಸ್ವಂತ ಜಾಗ ಆಗುವಷ್ಟರಲ್ಲಿ ನಾನು ನಕ್ಕಿದ್ದೆಷ್ಟೋ, ಹಲ್ಲು ಕಡಿದಿದ್ದೆಷ್ಟೋ. ನಾನು ಅಲ್ಲಿ ಪೇಟಿ ನುಡಿಸುವವಳು. ಪೇಟಿ ಅಂದರೆ ಹಾರ್ಮೋನಿಯಂ. ನಮ್ಮ ಮಾಸ್ತರರು ಹಾಡುವಾಗ ಅವರ ಪಕ್ಕದಲ್ಲಿ ಕೂತು ಸಾಥ್ ಕೊಡುವುದು ನನ್ನ ಕೆಲಸ. ಹೀಗಾಗಿ ಎಲ್ಲವನ್ನೂ ಹತ್ತಿರದಿಂದ ನೋಡುವ ಭಾಗ್ಯ ನನ್ನದೇ.

ಕರೆಂಟು ಹೋದರೆ ಕ್ಲಾಸು

ಮೊದಲು ಶಾಲೆ ಒಂದು ಗುಡಿಯ ಪಡಸಾಲೆಯಲ್ಲಿತ್ತು. ಅಲ್ಲಿ ಯಾರದೋ ಮದುವೆ ಮಾತುಕತೆ ಬಂದಾಗಲೆಲ್ಲ ಹಾಡು ನಿಲ್ಲಿಸಿ ಎದ್ದು ಹೋಗಬೇಕಿತ್ತು. ಆಮೇಲೆ ಹಿಟ್ಟಿನ ಗಿರಣಿಯ ಮೇಲಿನ ಖೋಲಿಗೆ ಬಂದೆವು. ಗಿರಣಿಯವರು ಒಳ್ಳೆಯ ಮನುಷ್ಯರು, ಬಾಡಿಗೆಯ ಮಾತೇ ಎತ್ತಲಿಲ್ಲ. ಆದರೆ ಕೆಳಗೆ ಗಿರಣಿ ಶುರುವಾದರೆ ಮೇಲೆ ತಂಬೂರಿ ಯಾರೂ ಮುಟ್ಟದೆಯೇ ಗುಂಯ್‌ಗುಡುತ್ತಿತ್ತು. ಅದಕ್ಕೆ ಕರೆಂಟು ಹೋದಾಗ ಮಾತ್ರ ಪಾಠ. ಊರೆಲ್ಲ ಕರೆಂಟಿನವರಿಗೆ ಶಾಪ ಹಾಕುವ ಹೊತ್ತಿಗೆ ನಮ್ಮ ಮಕ್ಕಳು ಖುಷಿಯಿಂದ ಓಡಿ ಬರುತ್ತಿದ್ದವು.

ಮಾಸ್ತರರು ಆಲಾಪ ಮುಗಿಸಿ ಪದಕ್ಕೆ ಬರುವಷ್ಟರಲ್ಲಿ ಕರೆಂಟು ಬಂದುಬಿಡುತ್ತಿತ್ತು. ಒಂದು ದಿನ ಅವರು ತಂಬೂರಿ ಕೆಳಗಿಟ್ಟು, "ಇಷ್ಟ್ ವರ್ಷ ಹಾಡೀನಿ ತಂಗಿ, ಒಂದ್ ಪದಾನೂ ಕಡೀತನಕ ಹಾಡಿಲ್ಲ. ಯಾರರೆ ಬಂದು ಸಾಕ್ರಿ ಅಂತಾರ. ನಮ್ಮದೂ ಅಂತ ಒಂದ್ ಜಾಗಾ ಆದ್ರ ಒಮ್ಮಿ ಪೂರಾ ಹಾಡಬೇಕು ನೋಡು," ಎಂದರು. ಕಟ್ಟಡದ ಮಾತು ಹುಟ್ಟಿದ್ದು ಅಲ್ಲಿಂದಲೇ.

ಅದೇ ವಾರ ಮಗಳನ್ನು ಸೇರಿಸಲು ಬಂದ ತಾಯಿಯೊಬ್ಬಳು ಕ್ಲಾಸಿನ ಟೈಮು ಕೇಳಿದಳು. ಲೈನ್‌ಮನ್‌ಗೆ ಕೇಳ್ರಿ ಅಂದೆ. ಅವನೇ ತಬಲಾ ಮಾಸ್ತರ ಇರಬೇಕೆಂದುಕೊಂಡು ಆಕೆ ಹೋಗಿ ಕೇಳಿಯೇ ಬಂದಳು.

ಸ್ಲ್ಯಾಬಿನ ಲಯ

ಊರಿನ ಹಿರಿಯರೊಬ್ಬರು ಜಾಗ ಕೊಟ್ಟರು, ಗೋಡೆ ಎದ್ದವು, ಸ್ಲ್ಯಾಬ್ ಹಾಕುವ ದಿನವೂ ಬಂತು. ಮಾದನಹಿಪ್ಪರಗಾದಿಂದ ಕೆಲಸದವರು ಮೊದಲ ಬಸ್ಸಿಗೇ ಇಳಿದರು. ಕೆಳಗೆ ಕಾಂಕ್ರೀಟ್ ಕಲಸುವ ಮಷೀನು, ಅಲ್ಲಿಂದ ಮಾಳಿಗೆಯವರೆಗೆ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಗಮೇಲಾ ಎಂಬ ಕಬ್ಬಿಣದ ಬುಟ್ಟಿ ದಾಟಿಸುವ ಸಾಲು.

ಮಾಸ್ತರರಿಗೆ ಖುಷಿ ತಡೆಯಲಾಗಲಿಲ್ಲ. ಉಸುಕಿನ ಗುಡ್ಡೆಯ ಮೇಲೆ ಕೂತು ಒಂದು ಜೋರಾದ ಭಜನೆ ಎತ್ತಿಕೊಂಡರು. ಗಮೇಲಾಗಳು ಹಾರತೊಡಗಿದವು. ಕಟ್ಟಡದ ಗುತ್ತೇದಾರರು ಕುಣಿಯುವುದೊಂದು ಬಾಕಿ, ಎಲ್ಲರಿಗೂ ಚಹಾ ಹೇಳಿದರು. ಚಹಾ ಕುಡಿದ ಮೇಲೆ ಮಾಸ್ತರರಿಗೆ ಇಂಥ ಗಳಿಗೆಗೆ ನಿಧಾನದ ರಾಗವೇ ಒಪ್ಪುತ್ತದೆ ಅನ್ನಿಸಿತು. ಹಾಡುವಾಗ ಅವರ ಕಣ್ಣು ಯಾವತ್ತೂ ಮುಚ್ಚಿರುತ್ತವೆ, ಸುತ್ತ ಏನು ನಡೆದರೂ ಗೊತ್ತಾಗುವುದಿಲ್ಲ. ರಾಗ ನಿಧಾನವಾಯಿತು, ಸಾಲೂ ನಿಧಾನವಾಯಿತು. ಏಣಿಯ ಮೇಲಿದ್ದ ಹೆಣ್ಣುಮಗಳೊಬ್ಬಳು ಗಮೇಲಾ ಎತ್ತಿ ಹಿಡಿದು, ತಾಳ ಒಂದು ಸುತ್ತು ತಿರುಗಿ ಬರುವ ತನಕ ಹಾಗೇ ನಿಂತಳು.

ಗುತ್ತೇದಾರರು ಬಂದು ಕೈ ಮುಗಿದರು. "ಮಾಸ್ತರ್ರೀ, ಇದು ಸಿಮೆಂಟ್ ಅದರಿ. ನೀವು ಮುಗಸೂದ್ರಾಗ ಗಟ್ಟಿ ಆಗ್ತದ."

ಮಾಸ್ತರರು ಅರ್ಧಕ್ಕೇ ನಿಲ್ಲಿಸಿದರು. ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ, ನಮ್ಮ ಜಾಗಾದಾಗೂ ಸುರು ಆತು ನೋಡು ಅಂದರು.

ಬೀಗರು ಬಂದರೆ

ಕಟ್ಟಡ ಮುಗಿಯಿತು, ಆದರೆ ಮುಖ್ಯ ಅತಿಥಿಗಳ ತಾರೀಖು ಸಿಗಲಿಲ್ಲ. ಉದ್ಘಾಟನೆ ಆಗುವಾಗ ಆಗಲಿ ಎಂದು ಪಾಠ ಶುರು ಮಾಡಿದೆವು. ಕೆಳಗೆ ಶಹಾಬಾದಿ ಕಲ್ಲಿನ ಫರಸಿ, ಸುತ್ತ ಬೋಳು ಗೋಡೆ. ಮಾಸ್ತರರು ಒಂದು ಸಾಲು ಹಾಡಿದರೆ ಮೂರು ಸಲ ಕೇಳಿಸಿತು. ಗುತ್ತೇದಾರರನ್ನು ಕರೆಸಿದರೆ, ಇದು ನಾನು ಹಾಕಿದ್ದಲ್ಲ, ತಾನಾಗೇ ಬಂದದ್ದು ಎಂದು ಕೈ ತೊಳೆದುಕೊಂಡರು.

ದಾರಿ ತೋರಿಸಿದವರು ಭಜನೆ ಮೇಳದ ಹೆಣ್ಣುಮಕ್ಕಳು. ಬಸವಣ್ಣನ ಗುಡಿಯ ಓಣಿಯವರು, ಬುದ್ಧವಿಹಾರದ ಓಣಿಯವರು, ಎಲ್ಲರೂ ಮನೆಯಿಂದ ಹಳೆ ಬಟ್ಟೆ ಹೊಲಿದು ಮಾಡಿದ ಹೊದೆಯುವ ಕೌದಿ ಹೊತ್ತು ತಂದು ಗೋಡೆ ತುಂಬ ಮೊಳೆ ಹೊಡೆದು ತೂಗುಹಾಕಿದರು. ಪ್ರತಿಧ್ವನಿ ಮಾಯವಾಯಿತು. ಬಣ್ಣಬಣ್ಣದ ತುಂಡುಗಳಿಂದ ಖೋಲಿ ಎಷ್ಟು ಚಂದ ಕಾಣಿಸಿತೆಂದರೆ ಪಾಠ ಬಿಟ್ಟು ಗೋಡೆ ನೋಡುತ್ತ ಕೂತೆವು.

ಅಷ್ಟರಲ್ಲಿ ಚಳಿ ಬಂತು. ಮಾಸ್ತರರು ಕಣ್ಣು ಮುಚ್ಚಿ ಪದದ ನಡುವೆ ಇರುವಾಗಲೇ ಅಜ್ಜಿಯೊಬ್ಬಳು ಒಳಗೆ ಬಂದು, ಒಂದಿಷ್ಟು ಸುಮ್ಮನಿರಪ್ಪ, ಮನೆಗೆ ಬೀಗರು ಬಂದಿದ್ದಾರೆ, ನನ್ನ ಕೌದಿ ಒಯ್ಯುತ್ತೇನೆ ಎಂದಳು. ಬೀಗರು ಹೋದ ಮೇಲೆ ತಂದು ಹಾಕಿದಳು ಅನ್ನಿ. ಅಷ್ಟರಲ್ಲಿ ಇನ್ನೊಬ್ಬಾಕೆಯ ಮನೆಗೆ ಬೀಗರು. ದಿನಕ್ಕೊಂದು ಗೋಡೆ ಬೋಳಾಗುತ್ತಿತ್ತು, ದಿನಕ್ಕೊಂದು ಹಾಡು ಅರ್ಧಕ್ಕೆ ನಿಲ್ಲುತ್ತಿತ್ತು.

ಒಂದು ಸಂಜೆ ಮಾಸ್ತರರು ಷಡ್ಜ ಹಿಡಿದರು. ಅದು ಎರಡು ಸಲ ತಿರುಗಿ ಬಂತು. ಕಿವಿಗೊಟ್ಟು ಕೇಳಿ, ಇವತ್ತು ಯಾರ ಮನೆಯಲ್ಲೋ ದೊಡ್ಡ ಕಾರ್ಯ ಇದೆ ಅಂದರು. ವಿಚಾರಿಸಿದರೆ ಹೌದು, ಹಿಂದಿನ ಓಣಿಯಲ್ಲಿ ಬಸುರಿ ಸೊಸೆಯ ಕುಬಸ.

ರೆಕ್ಕೆಯ ಮೇಲಿನ ಹೆಸರು

ಬೇಸಿಗೆಗೆ ಫ್ಯಾನುಗಳು ಬಂದವು, ಕೊಟ್ಟವರ ಹೆಸರು ರೆಕ್ಕೆಯ ಮೇಲೆ ದಪ್ಪಗೆ ಬರೆದಿತ್ತು. ಅಫಜಲಪುರದ ದಾನಿಯೊಬ್ಬರು ನೆಂಟರನ್ನು ಕರೆದುಕೊಂಡು ಬಂದರು. ತಿರುಗುವ ಫ್ಯಾನಿನಲ್ಲಿ ಹೆಸರು ಕಾಣುವುದು ಹೇಗೆ? ಆರಿಸಿದರು. ನೆಂಟರು ಓದಿ ಮೆಚ್ಚಿ ಚಹಾ ಕುಡಿದು ಎದ್ದು ಹೋಗುವ ತನಕ ನಾವೆಲ್ಲ ಬೆವರಿನಲ್ಲಿ ಮಿಂದೆವು. ಇದನ್ನು ನೋಡುತ್ತ ಕೂತಿದ್ದ ಜೇವರ್ಗಿಯ ವ್ಯಾಪಾರಿಯೊಬ್ಬರು ಜಾಣರು. ತಾವು ಟ್ಯೂಬ್‌ಲೈಟ್ ಕೊಟ್ಟರು, ಹೆಸರು ಅದರ ಪಟ್ಟಿಯ ಮೇಲೆ. ಹಗಲೂ ಉರಿಯಬೇಕು ಎಂಬುದೊಂದೇ ಅವರ ಷರತ್ತು.

ಪೂರಾ ಪದ

ಕೊನೆಗೂ ಉದ್ಘಾಟನೆಯ ದಿನ ಬಂತು. ಟೇಪು ಕತ್ತರಿಸಿದರು, ಭಾಷಣ ಮುಗಿಯಿತು. ಮಾಸ್ತರರ ಒಂದು ಪದ, ಆಮೇಲೆ ಹಿಂದಿನ ಅಂಗಳದಲ್ಲಿ ಊಟ, ಇಷ್ಟೇ ಬಾಕಿ. ಮಾಸ್ತರರು ಬೆಳಗಿನಿಂದ ಬಾಯಿಗೆ ನೀರು ಬಿಟ್ಟು ಬೇರೇನೂ ಹಾಕಿರಲಿಲ್ಲ. ಕಣ್ಣು ಮುಚ್ಚಿದರು.

ಆಲಾಪವೇ ಬಿಸಿಲು ಏರುವ ತನಕ ನಡೆಯಿತು. ಎಣ್ಣೆಗಾಯಿಯ ವಾಸನೆ ಕಿಟಕಿಯಿಂದ ಒಳಗೆ ಬಂತು. ಮುಖ್ಯ ಅತಿಥಿಗಳು ಗಡಿಯಾರ ನೋಡಿಕೊಂಡರು. ಗುತ್ತೇದಾರರಿಗೆ ಹಸಿವು ತಡೆಯದು, ಎದ್ದು ವೇದಿಕೆಯ ಕಡೆ ಹೊರಟರು. ಅವರಿಗೆ ಅಡ್ಡ ಬಂದು ನಿಂತವರು ಮಾಸ್ತರರ ಹೆಂಡತಿ, ನಮಗೆಲ್ಲ ಕಾಕು. ಕೈಯಲ್ಲಿ ಸಾರಿನ ಸೌಟು.

"ಇಷ್ಟ್ ದಿನಾ ಎಲ್ಲಾರೂ ನಿಲ್ಲಿಸೀರಿ. ಇವತ್ತ ಅವರೇ ನಿಲ್ಲಿಸ್ಲಿ," ಎಂದರು ಕಾಕು ಮೆತ್ತಗೆ. "ಹಸಿವಿ ಆದವರು ಹಿಂದ ಬಂದು ಉಣ್ರಿ. ಸಪ್ಪಳ ಮಾಡಬ್ಯಾಡ್ರಿ. ಉಂಡು ಮತ್ತ ಬಂದು ಕೂಡ್ರಿ."

ಹಾಗೇ ಆಯಿತು. ಹಿಂದಿನ ಸಾಲು ಎದ್ದು ತುದಿಗಾಲಲ್ಲಿ ಹೋಯಿತು, ಹೋಳಿಗೆ ಉಂಡು ಕೈ ಒರೆಸಿಕೊಂಡು ಬಂದು ತನ್ನ ಜಾಗದಲ್ಲೇ ಕೂತಿತು. ಆಮೇಲೆ ಅದರ ಮುಂದಿನ ಸಾಲು. ಮುಖ್ಯ ಅತಿಥಿಗಳೂ ಚಪ್ಪಲಿ ಕೈಯಲ್ಲಿ ಹಿಡಿದು ಹೋಗಿ ಬಂದರು. ಇಡೀ ಸಭೆ ಉಂಡಿತು, ಉಪವಾಸ ಉಳಿದವರು ಮೂವರೇ: ಹಾಡುವವರು, ತಬಲಾದವ, ನಾನು. ತಬಲಾದವ ಪ್ರತಿ ಸಾಲಿನವರ ತುಟಿಯ ಮೇಲಿನ ತುಪ್ಪ ನೋಡಿ ನಿಟ್ಟುಸಿರು ಬಿಡುತ್ತಿದ್ದ. ನನ್ನ ಬೆರಳು ಸುಮಾರು ಸಲ ಪೇಟಿಯ ತಪ್ಪು ಪಟ್ಟಿಯ ಮೇಲೆ ಹೋಯಿತು.

ಕೊನೆಯ ಸಾಲು ಬಂತು. ಮಾಸ್ತರರು ಅದನ್ನು ಮೂರು ಸಲ ಹಾಡಿ, ಮೆಲ್ಲಗೆ ಇಳಿಸಿ, ತಾವೇ ಮುಗಿಸಿದರು. ತಂಬೂರಿ ಒಂದೇ ಉಳಿಯಿತು. ನನಗೆ ಹಸಿವೆಲ್ಲ ಮರೆತು ಕಣ್ಣು ತುಂಬಿ ಬಂತು. ಬಾಗಿಲಲ್ಲಿ ನಿಂತಿದ್ದ ಕಾಕು ಸೆರಗು ಮೂಗಿಗೆ ಒತ್ತಿಕೊಂಡಿದ್ದರು.

ಮಾಸ್ತರರು ಕಣ್ಣು ಬಿಟ್ಟು ನೋಡಿದರೆ ಸಭೆ ತುಂಬಿದೆ, ಒಂದು ಜಾಗ ಖಾಲಿ ಇಲ್ಲ. ಹೊರಗೆ ಹೊತ್ತು ಇಳಿದಿತ್ತು. "ಊಟಾ ಬಿಟ್ಟು ಕುಂತೀರಲ್ರಿ ನನ್ನ ಸಲುವಾಗಿ. ನೀವೆಲ್ಲ ಉಂಡ ಮ್ಯಾಲೇ ನಾ ಉಣ್ಣಾಂವ," ಎಂದು ಕೈ ಮುಗಿದರು.

ಉಂಡಾಗಿದೆ ಎಂದು ಅವರಿಗೆ ಹೇಳುವುದು ಹೇಗೆ? ಇಡೀ ಸಭೆ ಎದ್ದು ಹೋಗಿ ಎರಡನೇ ಸಲ ಎಲೆಯ ಮುಂದೆ ಕೂತಿತು. ಕಾಕು ಮುಖದ ಒಂದು ಗೆರೆಯೂ ಅಲುಗದಂತೆ ಬಡಿಸುತ್ತ ಹೋದರು. ಮಾಸ್ತರರು ಸ್ವತಃ ತುಪ್ಪದ ತಂಬಿಗೆ ಹಿಡಿದು, ನಾಚಬ್ಯಾಡ್ರಿ, ಹಸಿದೀರಿ ಎಂದು ಪ್ರತಿಯೊಬ್ಬರಿಗೂ ಒತ್ತಾಯ ಮಾಡಿದರು. ಗುತ್ತೇದಾರರ ಎಲೆಗೆ ಮೇಲಿಂದ ಮೇಲೆ ಹೋಳಿಗೆ ಬಿತ್ತು. ಅವರು ಬೆಲ್ಟು ಸಡಿಲಿಸಿ, ಒಂದು ತುತ್ತು ನುಂಗಿ, ಆಕಾಶ ನೋಡುತ್ತ ಕೂತರು. ಕಣ್ಣಿಂದ ದಳದಳ ನೀರು.

ಮಾಸ್ತರರು ನನ್ನನ್ನು ಪಕ್ಕಕ್ಕೆ ಕರೆದು ಪಿಸುಗುಟ್ಟಿದರು. "ನೋಡು ತಂಗಿ, ಪದಾ ಮುಗದು ಇಷ್ಟ್ ಹೊತ್ತಾತು, ಆ ಮನಷ್ಯಾಗ ಇನ್ನೂ ಕಣ್ಣಾಗ ನೀರು ನಿಂತಿಲ್ಲ."